ಬಾನುಲಿಯ ಮುಳ್ಳು ಮತ್ತು ನಮ್ಮ ಗಡಿ

(ಕೊಹೀರಿನಲ್ಲಿ ಸೇರಿದ ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ಗಡಿಯ ಪ್ರಶ್ನೆ ಬಂದಾಗ ನಾವು ಶಾಲೆಯ ಮಾತು, ಕಚೇರಿಯ ಮಾತು, ಪಹಣಿ ಪತ್ರಿಕೆಯ ಮಾತು ಆಡುವುದು ವಾಡಿಕೆ. ಅವೆಲ್ಲವೂ ಆಡತಕ್ಕ ಮಾತುಗಳೇ. ಆದರೆ ಸಮಿತಿಯವರು ಇಂದು ನನಗೆ ಒಪ್ಪಿಸಿರುವ ವಿಷಯ ಬೇರೆ. ನಮ್ಮ ಮನೆಯ ಗೂಡಿನಲ್ಲಿಟ್ಟ ರೇಡಿಯೋ ಪೆಟ್ಟಿಗೆಯಲ್ಲಿ ಯಾವ ಭಾಷೆ ಕೇಳಿಸಬೇಕು, ಮುಳ್ಳು ಯಾವ ಸಂಖ್ಯೆಯ ಮೇಲೆ ನಿಂತಾಗ ಕೇಳಿಸಬೇಕು, ಎಷ್ಟು ದೂರದವರೆಗೆ ಕೇಳಿಸಬೇಕು ಎಂಬುದನ್ನು ಯಾರು, ಎಲ್ಲಿ ಕುಳಿತು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ ಎಂಬುದೇ ಆ ವಿಷಯ. ಈ ತೀರ್ಮಾನಗಳು ಗುಟ್ಟಾಗಿ ನಡೆಯುತ್ತವೆಂದು ನಾನು ಹೇಳಲಾರೆ. ಕಾಗದಪತ್ರಗಳಲ್ಲಿ ಎಲ್ಲವೂ ಇರುತ್ತದೆ. ಆದರೆ ಹಳ್ಳಿಗೆ ಅದು ತಿಳಿಯುವುದಿಲ್ಲ. ಒಂದು ದಿನ ಬೆಳಿಗ್ಗೆ ನಿಲಯವೊಂದು ಕೇಳಿಸದಂತಾಗುತ್ತದೆ. ಸೆಲ್ಲು ಮುಗಿದಿರಬೇಕೆಂದು ನಾವು ಅಂಗಡಿಗೆ ಹೋಗಿ ಹೊಸ ಸೆಲ್ಲು ತರುತ್ತೇವೆ.

ಮೊದಲು ನಮ್ಮ ಊರು ನಿಂತಿರುವ ಜಾಗವನ್ನು ನೋಡೋಣ. ನಕ್ಷೆಯ ಮೇಲೆ ದಾರವಿಟ್ಟು ನೇರವಾಗಿ ಅಳೆದರೆ ಕೊಹೀರಿನಿಂದ ಹೈದರಾಬಾದು ಮೂಡಣಕ್ಕೆ ಸುಮಾರು 85 ಕಿಲೋಮೀಟರು. ಕಲಬುರಗಿ ಪಡುವಣಕ್ಕೆ ಸುಮಾರು 100 ಕಿಲೋಮೀಟರು. ಬಾನುಲಿಯ ತರಂಗಕ್ಕೆ ಹದಿನೈದು ಕಿಲೋಮೀಟರು ಒಂದು ದೂರವೇ ಅಲ್ಲ. ಹೀಗಿರಲು ಎರಡು ನಿಲಯಗಳೂ ನಮಗೆ ಸಮವಾಗಿ ಕೇಳಿಸಬೇಕಿತ್ತು. ಆದರೆ ಕೇಳಿದವರಿಗೆ ಗೊತ್ತಿದೆ: ಹೈದರಾಬಾದಿನ ತೆಲುಗು, ಉರ್ದು ಕಾರ್ಯಕ್ರಮಗಳು ಪಕ್ಕದ ಮನೆಯ ಮಾತಿನಂತೆ ಸ್ಪಷ್ಟ, ಕಲಬುರಗಿಯ ಕನ್ನಡ ಮಾತ್ರ ಹಗಲಿನಲ್ಲಿ ಕ್ಷೀಣ, ರಾತ್ರಿಯಲ್ಲಿ ಗೊರಗೊರ. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಗಡಿಯಲ್ಲಿ ಯಾರೋ ಕನ್ನಡದ ಧ್ವನಿಯನ್ನು ತಡೆಯುತ್ತಾರೆಂದು ತಿಳಿದಿದ್ದರು. ತಡೆದವರು ಯಾರೂ ಇಲ್ಲ. ಕಾರಣ ಬೇರೆ, ಮತ್ತು ಆ ಕಾರಣವನ್ನು ತಿಳಿದರೆ ಮಾತ್ರ ನಾವು ಸರಿಯಾದ ಬಾಗಿಲನ್ನು ತಟ್ಟಬಲ್ಲೆವು.

ಮಧ್ಯಮ ತರಂಗದಲ್ಲಿ ಹೈದರಾಬಾದಿನ ಮುಖ್ಯ ಪ್ರಸಾರ ಯಂತ್ರದ ಶಕ್ತಿ ಅನೇಕ ದಶಕಗಳ ಕಾಲ 200 ಕಿಲೋವಾಟ್ ಎಂದು ದಾಖಲಾಗಿತ್ತು. ಕಲಬುರಗಿಯದು 20 ಕಿಲೋವಾಟ್. ಹತ್ತಕ್ಕೆ ಒಂದು. ಇದು ಒಂದು ಅಂತರ. ಎರಡನೆಯದು ಸಂಖ್ಯೆಯ ಅಂತರ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತರಂಗವು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಯೋ ಅದು ಅದರ ಕಂಪನಾಂಕ. ಹಿಂದೆ ಅದನ್ನು ಕಿಲೋಸೈಕಲ್ ಎನ್ನುತ್ತಿದ್ದರು, ಈಗ ಕಿಲೋಹರ್ಟ್ಸ್ ಎನ್ನುತ್ತಾರೆ. ಹೈದರಾಬಾದಿನದು 738, ಕಲಬುರಗಿಯದು 1107. ನೆಲವನ್ನು ಹಿಡಿದು ಸಾಗುವ ತರಂಗಕ್ಕೆ ಒಂದು ಸ್ವಭಾವವಿದೆ. ಕಂಪನಾಂಕ ಕಡಿಮೆಯಾದಷ್ಟೂ ಅದು ದೂರ ಸಾಗುತ್ತದೆ. ಹೆಚ್ಚಾದಷ್ಟೂ ಭೂಮಿಯು ಅದನ್ನು ಬೇಗ ಹೀರುತ್ತದೆ. ತೇವವಿರುವ ಎರೆಭೂಮಿಯ ಮೇಲೆ ಅದರ ನಡೆ ಸುಗಮ, ಒಣಗಿದ ಮುರುಮು ಭೂಮಿಯ ಮೇಲೆ ಕಷ್ಟ. ನಮ್ಮ ಕೊಹೀರಿನ ಕೆಂಪು ನೆಲ ಪೇರಲಕ್ಕೂ ಆಲೂಗಡ್ಡೆಗೂ ಒಳ್ಳೆಯದೆಂದು ಹೆಸರಾದುದು. ಬಾನುಲಿಗೆ ಅಷ್ಟು ಒಳ್ಳೆಯದಲ್ಲ. ಇನ್ನು ರಾತ್ರಿಯ ಮಾತು. ಹಗಲಿನಲ್ಲಿ ಆಕಾಶದ ಕೆಳಪದರವೊಂದು ಮಧ್ಯಮ ತರಂಗವನ್ನು ನುಂಗಿಬಿಡುತ್ತದೆ. ಸೂರ್ಯಾಸ್ತವಾದ ಮೇಲೆ ಆ ಪದರ ಕರಗಿ, ತರಂಗವು ಮೇಲಿನ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರು ದೂರ ಹೋಗಿ ಬೀಳುತ್ತದೆ. ಆಗ ಅದೇ ಸಂಖ್ಯೆಯ ಮೇಲೆ ಪ್ರಸಾರ ಮಾಡುವ ದೂರದೇಶದ ನಿಲಯಗಳೆಲ್ಲ ನಮ್ಮ ಅಂಗಳಕ್ಕೆ ಬಂದು ಇಳಿಯುತ್ತವೆ. ಬಲವಾದ ನಿಲಯ ಅವುಗಳ ನಡುವೆ ತಲೆಯೆತ್ತಿ ನಿಲ್ಲುತ್ತದೆ. ದುರ್ಬಲವಾದುದು ಸಂತೆಯ ಗದ್ದಲದಲ್ಲಿ ಕರೆದ ಕರೆಯಂತೆ ಕಳೆದುಹೋಗುತ್ತದೆ.

ಹಾಗಾದರೆ ಹೈದರಾಬಾದಿಗೆ ಅಷ್ಟು, ಕಲಬುರಗಿಗೆ ಇಷ್ಟು ಎಂದು ಹಂಚಿದವರು ಯಾರು? ಇದಕ್ಕೆ ಉತ್ತರ ಒಂದೇ ದಿನದಲ್ಲಿ ಬರೆದುದಲ್ಲ.

ಹೈದರಾಬಾದಿನಲ್ಲಿ ಬಾನುಲಿಯನ್ನು ಮೊದಲು ಆರಂಭಿಸಿದವರು ಮೆಹಬೂಬ್ ಅಲಿ ಎಂಬ ಒಬ್ಬ ಖಾಸಗಿ ಉತ್ಸಾಹಿಗಳು. 1935ರಲ್ಲಿ ನಿಜಾಮ ಸರಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದಖ್ಖನ್ ರೇಡಿಯೋ ಎಂದು ಅದಕ್ಕೆ ಹೆಸರು. 411 ಮೀಟರಿನ ಮೇಲೆ, ಅಂದರೆ 730 ಕಿಲೋಸೈಕಲ್ಲಿನ ಮೇಲೆ ಅದು ಕೇಳಿಸುತ್ತಿತ್ತು. ಮೀಟರೂ ಕಿಲೋಸೈಕಲ್ಲೂ ಒಂದೇ ತರಂಗದ ಎರಡು ಅಳತೆಗಳು: ಮೂರು ಲಕ್ಷವನ್ನು ಒಂದರಿಂದ ಭಾಗಿಸಿದರೆ ಇನ್ನೊಂದು ಸಿಕ್ಕುತ್ತದೆ. ರಾಜಭಾಷೆ ಉರ್ದುವಾದುದರಿಂದ ಆ ನಿಲಯದಲ್ಲಿ ಉರ್ದುವಿಗೇ ಅಗ್ರಸ್ಥಾನ. ಆದರೂ ತೆಲುಗು, ಮರಾಠಿ, ಕನ್ನಡಗಳಿಗೆ ಅಲ್ಲಿ ಎಡೆಯಿತ್ತು ಎಂಬುದನ್ನು ಮರೆಯಬಾರದು. 1948ರ ಸೆಪ್ಟೆಂಬರ್ 17ರಂದು ನಿಜಾಮರು ತಮ್ಮ ಸೈನ್ಯಕ್ಕೆ ಕದನ ನಿಲ್ಲಿಸುವಂತೆ ಹೇಳಿದ ವಿಷಯವನ್ನು ಪ್ರಜೆಗಳಿಗೆ ತಿಳಿಸಿದುದೂ ಬಾನುಲಿಯ ಮೂಲಕವೇ. 1950ರ ಏಪ್ರಿಲ್ 1ರಂದು ಆ ನಿಲಯ ಕೇಂದ್ರ ಸರಕಾರದ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಅದೇ ದಿನ ಮೈಸೂರಿನ ಸಂಸ್ಥಾನದ ನಿಲಯವೂ ವಿಲೀನವಾಯಿತು.

ಮೈಸೂರಿನ ಹೆಸರು ಬಂದುದರಿಂದ ಒಂದು ಮಾತು. ಆ ನಿಲಯವನ್ನು 1935ರಲ್ಲಿ ಆರಂಭಿಸಿದವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು, ಅದೂ ತಮ್ಮ ಸ್ವಂತ ಮನೆಯಲ್ಲಿ. ಆಕಾಶವಾಣಿ ಎಂಬ ಹೆಸರು ಅಲ್ಲಿಯದು. ಇಂದು ದೇಶದ ಎಲ್ಲ ನಿಲಯಗಳೂ ತಮ್ಮನ್ನು ಕರೆದುಕೊಳ್ಳುವ ಹೆಸರು ಒಂದು ಕನ್ನಡ ಮನೆಯಿಂದ ಹೊರಟಿತು. ಆದರೆ ಹೆಸರು ಕೊಟ್ಟ ಮೈಸೂರಿಗೇ ನಿಲಯ ಉಳಿಯಲಿಲ್ಲ. 1955ರ ನವೆಂಬರಿನಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಿದರು. ರಾಜಧಾನಿಗೆ ನಿಲಯ ಬೇಕು ಎಂಬುದು ಕಾರಣ. ಶ್ರೋತೃಗಳು ಎಲ್ಲಿದ್ದಾರೆ ಎಂಬುದಕ್ಕಿಂತ ಕಚೇರಿ ಎಲ್ಲಿದೆ ಎಂಬುದು ಬಾನುಲಿಯ ನಕ್ಷೆಯನ್ನು ಎಷ್ಟು ಸಲ ಬರೆದಿದೆ ಎಂಬುದಕ್ಕೆ ಇದೊಂದು ನಿದರ್ಶನ.

1956ರ ನವೆಂಬರ್ 1ನ್ನು ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹೈದರಾಬಾದು ಸಂಸ್ಥಾನ ಮೂರು ಭಾಗವಾಯಿತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು, ನಿರ್ಣಾ ವಲಯವನ್ನು ಬಿಟ್ಟು ಉಳಿದ ಜಹೀರಾಬಾದು ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವಲಯ, ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ಲು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ಅವು ತೆಲಂಗಾಣದವಾದವು. 2016ರಲ್ಲಿ ನಾವು ಸಂಗಾರೆಡ್ಡಿ ಜಿಲ್ಲೆಯವರಾದೆವು, ತಾಂಡೂರಿನವರು ವಿಕಾರಾಬಾದ್ ಜಿಲ್ಲೆಯವರಾದರು. ಜಮೀನು ಇಲ್ಲಿಯೇ, ಬಾವಿ ಇಲ್ಲಿಯೇ. ಬದಲಾದದ್ದು ಪತ್ರದ ಮೇಲಿನ ವಿಳಾಸ ಮಾತ್ರ. ರಾಜ್ಯ ಒಡೆದ ಮೇಲೆ ಹೈದರಾಬಾದು ನಿಲಯದ ಮುಖ ಸಹಜವಾಗಿ ತೆಲುಗು ಮತ್ತು ಉರ್ದು ಶ್ರೋತೃಗಳ ಕಡೆಗೆ ತಿರುಗಿತು. ಕನ್ನಡದ ಭಾರವನ್ನು ಹೊರಬೇಕಾದವು ಬೆಂಗಳೂರು ಮತ್ತು 1950ರ ಜನವರಿಯಲ್ಲಿ ಆರಂಭವಾಗಿದ್ದ ಧಾರವಾಡ. ಬೆಂಗಳೂರು ನಮ್ಮಿಂದ ಐನೂರು ಕಿಲೋಮೀಟರು. ಧಾರವಾಡವೂ ಮುನ್ನೂರೈವತ್ತರ ಆಚೆ. ಗುಲಬರ್ಗಾದಲ್ಲಿ ನಿಲಯ ಆರಂಭವಾದುದು 1966ರಲ್ಲಿ. ಏಕೀಕರಣವಾದ ಹತ್ತು ವರ್ಷಗಳವರೆಗೆ ಬೀದರ-ಗುಲಬರ್ಗಾ ಸೀಮೆಗೆ ತನ್ನದೆಂಬ ಬಾನುಲಿ ಇರಲಿಲ್ಲ. ನಮ್ಮಂಥ ಗಡಿಯಾಚೆಯ ಹಳ್ಳಿಗಳ ಮಾತನ್ನು ಕೇಳುವವರಾರು?

ಈ ನಡುವೆ ದೆಹಲಿಯಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ, ಏಕೆಂದರೆ ಶ್ರೋತೃವಿನ ಕೈಯಲ್ಲಿ ಏನಿದೆ ಎಂಬುದು ಅದರಿಂದ ತಿಳಿಯುತ್ತದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಮಂತ್ರಿಗಳಾಗಿ ಬಂದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಅಭಿಮಾನಿಗಳು. ಸಿನಿಮಾ ಹಾಡುಗಳಿಂದ ಜನರ ಅಭಿರುಚಿ ಕೆಡುತ್ತದೆಂದು ಅವರ ಮತ. ಅವರ ಕಾಲದಲ್ಲಿ ನಿಲಯಗಳಿಂದ ಸಿನಿಮಾ ಹಾಡು ಬಹುಮಟ್ಟಿಗೆ ಮಾಯವಾಯಿತು. ಆಗ ಜನ ಏನು ಮಾಡಿದರು? ಮೆರವಣಿಗೆ ತೆಗೆಯಲಿಲ್ಲ, ಮನವಿ ಬರೆಯಲಿಲ್ಲ. ಮುಳ್ಳನ್ನು ತಿರುಗಿಸಿದರು. ಕೊಲಂಬೊದಿಂದ ರೇಡಿಯೋ ಸಿಲೋನ್ ಹ್ರಸ್ವ ತರಂಗದಲ್ಲಿ ಹಿಂದಿ ಹಾಡುಗಳನ್ನು ಕೇಳಿಸುತ್ತಿತ್ತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಅದರಲ್ಲೇ ಬರುತ್ತಿತ್ತು. ಬುಧವಾರ ರಾತ್ರಿ ದೇಶವೆಲ್ಲ ಪರದೇಶದ ನಿಲಯಕ್ಕೆ ಕಿವಿಗೊಟ್ಟಿತು, ಪತ್ರಗಳನ್ನು ಚೀಲಗಟ್ಟಲೆ ಬರೆಯಿತು. ಕೊನೆಗೆ ದೆಹಲಿಯೇ ಬಾಗಬೇಕಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. ಮಂತ್ರಿಗಳ ಅಭಿರುಚಿಯನ್ನು ನಾನು ಹಳಿಯುವುದಿಲ್ಲ. ಭೀಮಸೇನ ಜೋಶಿಯವರ ಗಾಯನವನ್ನೂ ಮಲ್ಲಿಕಾರ್ಜುನ ಮನಸೂರರ ಗಾಯನವನ್ನೂ ಹಳ್ಳಿಯ ಮನೆಗೆ ತಂದ ಪುಣ್ಯ ಅದೇ ಬಾನುಲಿಯದು. ಆದರೆ ಕೇಳುವವರನ್ನು ಕೇಳದೆ ಮಾಡಿದ ವ್ಯವಸ್ಥೆ ಐದು ವರ್ಷವೂ ನಡೆಯಲಿಲ್ಲವೆಂಬುದನ್ನು ಗಮನಿಸಿ.

ಇನ್ನು ಸಂಖ್ಯೆಗಳು ಬದಲಾದ ಕಥೆ. ಬಾನುಲಿಯ ಸಂಖ್ಯೆಗಳನ್ನು ಯಾವ ದೇಶವೂ ತನ್ನಷ್ಟಕ್ಕೆ ತಾನೇ ಇಟ್ಟುಕೊಳ್ಳುವ ಹಾಗಿಲ್ಲ, ಏಕೆಂದರೆ ರಾತ್ರಿಯಲ್ಲಿ ಒಬ್ಬರ ತರಂಗ ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ಆದುದರಿಂದ 1975ರಲ್ಲಿ ಜಿನೀವಾ ನಗರದಲ್ಲಿ ಯುರೋಪು, ಆಫ್ರಿಕಾ, ಏಷ್ಯಾ ಖಂಡಗಳ ರಾಷ್ಟ್ರಗಳು ಸೇರಿ ಮಧ್ಯಮ ತರಂಗವನ್ನು ಹೊಸದಾಗಿ ಹಂಚಿಕೊಂಡವು. ಮೊದಲು ನಮ್ಮ ಕಡೆ ಒಂದು ನಿಲಯಕ್ಕೂ ಮುಂದಿನ ನಿಲಯಕ್ಕೂ ಹತ್ತು ಕಿಲೋಹರ್ಟ್ಸ್ ಅಂತರವಿಡುವ ಪದ್ಧತಿ ಇತ್ತು. ಹೊಸ ಒಪ್ಪಂದದಲ್ಲಿ ಅದು ಒಂಬತ್ತಕ್ಕೆ ಇಳಿಯಿತು. ಅಂತರ ಕಿರಿದಾದರೆ ಅದೇ ಪಟ್ಟಿಯಲ್ಲಿ ಹೆಚ್ಚು ನಿಲಯಗಳಿಗೆ ಜಾಗ ಸಿಕ್ಕುತ್ತದೆ. ಹೊಲದಲ್ಲಿ ಸಾಲಿನ ಅಂತರ ತಗ್ಗಿಸಿದಂತೆ. 1978ರ ನವೆಂಬರ್ 23ರಂದು, ನಮ್ಮ ಗಡಿಯಾರದಲ್ಲಿ ಬೆಳಗಿನ 5 ಗಂಟೆ 31 ನಿಮಿಷಕ್ಕೆ, ಆ ಒಪ್ಪಂದ ಜಾರಿಗೆ ಬಂದಿತು. ಜನ ಎದ್ದು ಮುಖ ತೊಳೆಯುವುದರೊಳಗೆ ಮೂರು ಖಂಡಗಳ ಸಾವಿರಾರು ನಿಲಯಗಳಿಗೆ ಹೊಸ ಲೆಕ್ಕ ಬಂದಿತ್ತು. ನಿಜಾಮರ ಕಾಲದಿಂದ ಬಂದ 730 ಎಂಬ ಸಂಖ್ಯೆಗೆ ಹೊಸ ಲೆಕ್ಕದಲ್ಲಿ ಜಾಗವಿರಲಿಲ್ಲ. ಹೈದರಾಬಾದಿನದು 738 ಆಯಿತು. ರೇಡಿಯೋ ಪೆಟ್ಟಿಗೆಯ ಗಾಜಿನ ಮೇಲೆ ನಿಲಯದ ಗುರುತಿಗೆ ಮಸಿಯ ಚುಕ್ಕೆ ಇಟ್ಟುಕೊಂಡವರ ಚುಕ್ಕೆಗಳೆಲ್ಲ ಒಂದು ಕೂದಲಿನಷ್ಟು ತಪ್ಪಿದವು.

ಇದರಲ್ಲಿ ಮಕ್ಕಳಿಗೆ ಕಲಿಸುವಂಥ ಒಂದು ಸೊಗಸಿದೆ. ಹೊಸ ಸಂಖ್ಯೆಗಳೆಲ್ಲವೂ ಒಂಬತ್ತರ ಗುಣಕಗಳು. ಒಂಬತ್ತರಿಂದ ಭಾಗವಾಗುವ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ಮತ್ತೆ ಒಂಬತ್ತೋ ಅದರ ಗುಣಕವೋ ಬರುತ್ತದೆಯಷ್ಟೆ. ಬೆಂಗಳೂರು 612: ಆರು, ಒಂದು, ಎರಡು, ಒಟ್ಟು ಒಂಬತ್ತು. ಧಾರವಾಡ 765: ಹದಿನೆಂಟು. ಭದ್ರಾವತಿ 675: ಹದಿನೆಂಟು. ಮಂಗಳೂರು 1089: ಅದೂ ಹದಿನೆಂಟು. ನಮ್ಮ ಕಲಬುರಗಿ 1107: ಒಂಬತ್ತು. ನಾನು ನಾಲ್ಕನೆಯ ಇಯತ್ತೆಯವರಿಗೆ ಭಾಜ್ಯತೆಯ ನಿಯಮವನ್ನು ಈ ಸಂಖ್ಯೆಗಳ ಮೇಲೆಯೇ ಕಲಿಸುತ್ತೇನೆ. ಪುಸ್ತಕದ ಲೆಕ್ಕವನ್ನು ಮರೆಯುವ ಹುಡುಗರು ಇದನ್ನು ಮರೆಯುವುದಿಲ್ಲ. ಮನೆಗೆ ಹೋಗಿ ರೇಡಿಯೋ ಪೆಟ್ಟಿಗೆಯ ಮೇಲೆ ಪರೀಕ್ಷಿಸಿ ನೋಡುತ್ತಾರೆ.

ಆ ಜಿನೀವಾದ ಸಭೆಯಲ್ಲಿ ಕೊಹೀರಿನವರು ಕುಳಿತಿರಲಿಲ್ಲ, ಕಲಬುರಗಿಯವರೂ ಕುಳಿತಿರಲಿಲ್ಲ. ಯಾವ ಊರಿಗೆ ಯಾವ ಸಂಖ್ಯೆ, ಎಷ್ಟು ಶಕ್ತಿ ಎಂಬ ಪಟ್ಟಿ ದೆಹಲಿಯ ಎಂಜಿನಿಯರರ ಮೇಜಿನ ಮೇಲೆ ಸಿದ್ಧವಾಗಿ ಅಲ್ಲಿಗೆ ಹೋದದ್ದು. ರಾಜ್ಯದ ರಾಜಧಾನಿಗೆ ಹೆಚ್ಚಿನ ಶಕ್ತಿಯ ಯಂತ್ರ, ಪ್ರಾದೇಶಿಕ ಊರಿಗೆ ಕಡಿಮೆಯದು ಎಂಬುದು ಆ ಪಟ್ಟಿಯನ್ನು ನೋಡಿದರೆ ಕಾಣುತ್ತದೆ. ಇದರಲ್ಲಿ ಕನ್ನಡದ ಮೇಲಿನ ದ್ವೇಷವೇನೂ ಇಲ್ಲ. ಆದರೆ ರಾಜ್ಯದ ಗೆರೆಯ ಆಚೆ ಅದೇ ಭಾಷೆಯ ಜನ ಇದ್ದಾರೆಂಬ ನೆನಪು ಅಂಥ ಪಟ್ಟಿಯಲ್ಲಿ ಯಾವ ಅಂಕಣದಲ್ಲೂ ಬರುವುದಿಲ್ಲ. ನಮ್ಮ ತೊಂದರೆ ಇರುವುದು ಅಲ್ಲಿ.

ಹೀಗಿದ್ದರೂ ಮಧ್ಯಮ ತರಂಗ ನಮಗೆ ಮಾಡಿದ ಉಪಕಾರ ದೊಡ್ಡದು. ತರಂಗವು ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. ಕಾಸರಗೋಡಿನ ಕನ್ನಡಿಗರು 1976ರಲ್ಲಿ ಆರಂಭವಾದ ಮಂಗಳೂರು ನಿಲಯವನ್ನು ಕೇಳುತ್ತ ಬಂದಂತೆ, ನಾವು ಕಲಬುರಗಿಯನ್ನು ಕೇಳುತ್ತ ಬಂದೆವು, ಕ್ಷೀಣವಾದರೂ ಸರಿಯೇ. ಇದರ ಬೆಲೆಯನ್ನು ತೊಗರಿ ಬೆಳೆಯುವವರನ್ನು ಕೇಳಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು, ತಾಂಡೂರಿನ ತೊಗರಿಗೆ 2022ರಲ್ಲಿ. ಸರಕಾರದ ದಾಖಲೆಯಲ್ಲಿ ಅವು ಎರಡು ರಾಜ್ಯಗಳ ಎರಡು ಸರಕು. ನೆಲದ ಮೇಲೆ ಅದು ಒಂದೇ ಎರೆಹೊಲದ ಪಟ್ಟೆ. ಒಂದೇ ಕಾಯಿಕೊರಕ, ಒಂದೇ ನೆಟೆರೋಗ, ಒಂದೇ ಗೊಡ್ಡುರೋಗ. ಹೂ ಬಿಡುವ ಕಾಲದಲ್ಲಿ ಮೋಡ ಕವಿದರೆ ಯಾವ ಔಷಧ, ಎಷ್ಟು ನೀರಿಗೆ ಎಷ್ಟು ಎಂಬುದನ್ನು ಕಲಬುರಗಿಯ ಕೃಷಿ ಕಾರ್ಯಕ್ರಮದಲ್ಲಿ ಹೇಳಿದರೆ ತಾಂಡೂರಿನ ರೈತನಿಗೂ ಅದು ಅಕ್ಷರಶಃ ಅನ್ವಯಿಸುತ್ತದೆ, ಅವನ ಮನೆಮಾತಿನಲ್ಲಿ. ಹೊಲದಲ್ಲಿ ಬೆಳೆದ ಮಾತನ್ನು, ಕುಂಟೆ, ಕೂರಿಗೆ, ರಾಶಿ, ಕಣ ಎಂಬ ಮಾತುಗಳನ್ನು, ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಓದಲಾರರು; ಆ ಪುಸ್ತಕ ಬಹುಪಾಲು ಬೇರೆ ಭಾಷೆಯದು. ಅವನ್ನು ಗೌರವದ ಧ್ವನಿಯಲ್ಲಿ, ಸ್ವಚ್ಛ ಉಚ್ಚಾರದಲ್ಲಿ ಅವರು ಕೇಳಿದುದು ಬಾನುಲಿಯಲ್ಲಿ. ಮನೆಯಲ್ಲಿ ಅಜ್ಜಿ ಆಡುವ ಮಾತು ಸರಕಾರದ ನಿಲಯವೂ ಆಡುವ ಮಾತೆಂದು ಒಂದು ಮಗುವಿಗೆ ತಿಳಿದಾಗ ಅದರ ಮುಖದಲ್ಲಿ ಆಗುವ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ಈಗ ಆ ಮಧ್ಯಮ ತರಂಗಕ್ಕೇ ಕಾಲ ಕೂಡಿಬರದಂತಾಗಿದೆ. ಇತ್ತೀಚಿನ ವರ್ಷಗಳಲ್ಲಿ ಪ್ರಸಾರ ಭಾರತಿಯು ದೇಶದ ಅನೇಕ ಕಡೆ ಹಳೆಯ ಮಧ್ಯಮ ತರಂಗದ ಯಂತ್ರಗಳನ್ನು ನಿಲ್ಲಿಸಿ, ಎಫ್.ಎಂ. ಕಡೆಗೆ ತಿರುಗಿದೆ. ಕಾರಣಗಳು ಸುಳ್ಳಲ್ಲ. ಆ ಯಂತ್ರಗಳು ನುಂಗುವ ವಿದ್ಯುತ್ತು ಅಪಾರ, ಹಳೆಯದಾದವುಗಳ ಬಿಡಿಭಾಗಗಳು ಸಿಕ್ಕುವುದು ಕಷ್ಟ, ಗೋಪುರಕ್ಕೆ ಎಕರೆಗಟ್ಟಲೆ ಜಮೀನು ಬೇಕು. ಪೇಟೆಯ ಹುಡುಗರ ಮೊಬೈಲಿನಲ್ಲಿ ಮಧ್ಯಮ ತರಂಗ ಹಿಡಿಯುವ ಸೌಕರ್ಯವೇ ಇಲ್ಲ. ಕೆಲವು ದೊಡ್ಡ ಯಂತ್ರಗಳನ್ನು ಅಂಕೀಯ ಪದ್ಧತಿಗೆ ಮಾರ್ಪಡಿಸಿದರು. ಅದರ ಧ್ವನಿ ನಿರ್ಮಲ, ಆದರೆ ಅದನ್ನು ಹಿಡಿಯುವ ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿ ಹಳ್ಳಿಗೆ ಬರಲಿಲ್ಲ. 2023ರ ಏಪ್ರಿಲ್ 28ರಂದು ದೇಶದಲ್ಲಿ 91 ಹೊಸ ಎಫ್.ಎಂ. ಯಂತ್ರಗಳನ್ನು ಒಂದೇ ದಿನ ಉದ್ಘಾಟಿಸಿದರು. ಸಂತೋಷವೇ. ಆದರೆ ಅವು ತಲಾ 100 ವಾಟಿನವು. ಎಫ್.ಎಂ. ತರಂಗ ನೆಲ ಹಿಡಿದು ಸಾಗುವುದಲ್ಲ. ದೀಪದ ಬೆಳಕಿನಂತೆ ಕಣ್ಣಿಗೆ ಕಾಣುವ ದೂರಕ್ಕೆ ಬಿದ್ದು ನಿಲ್ಲುತ್ತದೆ. 100 ವಾಟಿನದು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿಗೆ ಸಾಕು. ಮಧ್ಯಮ ತರಂಗಕ್ಕೆ ಗಡಿ ಇರಲಿಲ್ಲ, ಎಫ್.ಎಂ.ಗೆ ಗಡಿ ಇದೆ. ಜಿಲ್ಲೆ ಜಿಲ್ಲೆಯ ಪಟ್ಟಿ ಹಿಡಿದು ಯಂತ್ರಗಳನ್ನು ಹಂಚಿದರೆ, ಕರ್ನಾಟಕದ ಊರಿಗೆ ಇಟ್ಟ ದೀಪದ ಬೆಳಕು ಗಡಿಯ ಈಚೆಗೆ ಮುಗಿಯುತ್ತದೆ, ತೆಲಂಗಾಣದ ಊರಿಗೆ ಇಟ್ಟ ದೀಪದಲ್ಲಿ ತೆಲುಗಿನ ಬೆಳಕು ಬರುತ್ತದೆ. 1956ರಲ್ಲಿ ಕಂದಾಯದ ಕಾಗದದಲ್ಲಿ ಆದುದು ಆಕಾಶದಲ್ಲಿ ಆಗುವುದಕ್ಕೆ ಇನ್ನೂ ಉಳಿದಿತ್ತು. ಅದು ಈಗ ಆಗುತ್ತಿದೆ.

ಮೊಬೈಲಿನಲ್ಲಿ ಆಕಾಶವಾಣಿಯ ಎಲ್ಲ ನಿಲಯಗಳೂ ಬರುತ್ತವಲ್ಲ, ಗುರುಗಳೇ, ಎಂದು ತರುಣರು ಕೇಳುತ್ತಾರೆ. ಬರುತ್ತವೆ. ನಾನೂ ಕೇಳಿದ್ದೇನೆ. ಆದರೆ ಸೆಗಣಿಯ ಕೈ, ಮಣ್ಣಿನ ಕೈ ಆ ಗಾಜಿನ ಮೇಲೆ ಓಡಲಾರದು. ಬದುವಿನ ಮೇಲಿಟ್ಟ ಟ್ರಾನ್ಸಿಸ್ಟರು ಎರಡು ಸೆಲ್ಲಿನ ಮೇಲೆ ವಾರಗಟ್ಟಲೆ ಹಾಡುತ್ತದೆ. ಅದಕ್ಕೆ ತಿಂಗಳ ಬಾಡಿಗೆಯಿಲ್ಲ, ಗೋಪುರದ ಸಂಕೇತ ತಪ್ಪುವ ಭಯವಿಲ್ಲ. ಅಲ್ಲದೆ ಒಂದು ಸೂಕ್ಷ್ಮವಿದೆ. ಬಾನುಲಿಯನ್ನು ಹುಡುಕಿ ಕೇಳಬೇಕಾಗಿಲ್ಲ. ಹಚ್ಚಿಟ್ಟರೆ ಮನೆಮಂದಿಗೆಲ್ಲ ಕೇಳುತ್ತದೆ, ಕೇಳಬೇಕೆಂದು ಕುಳಿತವರಿಗೂ, ರೊಟ್ಟಿ ಬಡಿಯುತ್ತಿರುವವರಿಗೂ. ಮೊಬೈಲಿನಲ್ಲಿ ಕನ್ನಡವನ್ನು ಹುಡುಕುವವನು ಮೊದಲೇ ಕನ್ನಡವನ್ನು ಬಯಸುವವನಾಗಿರಬೇಕು. ಎಂಟು ವರ್ಷದ ಮಗು ಹುಡುಕುವುದೇ?

ನಿರಾಶರಾಗಬೇಕಿಲ್ಲವೆನ್ನುವುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. ಝರಾಸಂಗಮ ಮಂಡಲದ ಮಾಚನೂರನ್ನು ತಾವೆಲ್ಲ ಬಲ್ಲಿರಿ. 1995ರಲ್ಲಿ ಸುಪ್ರೀಂ ಕೋರ್ಟು ಬಾನಿನ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪು ಕೊಟ್ಟಿತು. ಆ ಬಳಿಕವೂ ಹಳ್ಳಿಯವರಿಗೆ ಬಾನುಲಿ ನಡೆಸುವ ಪರವಾನಗಿ ಸಿಕ್ಕುವುದಕ್ಕೆ 2006ರ ಸಮುದಾಯ ಬಾನುಲಿಯ ನಿಯಮಗಳು ಬರಬೇಕಾಯಿತು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಸಂಘಂ ರೇಡಿಯೋವನ್ನು 90.4 ಮೆಗಾಹರ್ಟ್ಸ್ ಮೇಲೆ ಆರಂಭಿಸಿದವು. ಉದ್ಘಾಟಿಸಿದವರು ಆ 1995ರ ತೀರ್ಪನ್ನು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತರೇ. ನಡೆಸಿದವರು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಎಂಬ ಇಬ್ಬರ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಬಿತ್ತನೆಯ ಬೀಜ, ನವಣೆ, ಸಜ್ಜೆ, ಹಬ್ಬದ ಹಾಡು, ಬಾಣಂತಿಯ ಆರೈಕೆ, ಇವೇ ಅವರ ಕಾರ್ಯಕ್ರಮಗಳು, ಜಹೀರಾಬಾದಿನ ಹಳ್ಳಿಯ ತೆಲುಗಿನಲ್ಲಿ, ಪಟ್ಟಣದ ತೆಲುಗಿನಲ್ಲಲ್ಲ. ಅವರಿಗೆ ನಮಸ್ಕಾರ ಹೇಳೋಣ. ತೆಲುಗು ನಮ್ಮ ನೆರೆಮನೆಯ ಭಾಷೆ. ಎಷ್ಟೋ ಮನೆಗಳಲ್ಲಿ ಸೊಸೆಯ ತವರಿನ ಭಾಷೆ. ಅವರ ಧ್ವನಿ ಎದ್ದುದರಿಂದ ನಮ್ಮದು ಅಡಗುವುದಿಲ್ಲ. ಅವರು ಸಾಧಿಸಿದುದನ್ನು ನಾವು ಇನ್ನೂ ಸಾಧಿಸಿಲ್ಲ, ಅಷ್ಟೇ. ಮೂರು ವರ್ಷ ಹಳೆಯದಾದ ನೋಂದಾಯಿತ ಸಂಸ್ಥೆ ಬೇಕು. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಕಾರ್ಯಕ್ರಮ ಸ್ಥಳೀಯ ಜನರಿಂದಲೇ ಆಗಬೇಕು. ಸ್ಥಳೀಯ ಭಾಷೆಗೆ ಆದ್ಯತೆ ಇರಬೇಕು. 2006ರ ನಿಯಮದ ಸಾರ ಇದು. ಸ್ಥಳೀಯ ಭಾಷೆ ಎಂಬುದನ್ನು ಅಲ್ಲಿ ರಾಜ್ಯಭಾಷೆ ಎಂದು ಬರೆದಿಲ್ಲ ಎಂಬುದನ್ನು ನಮ್ಮ ವಕೀಲ ಮಿತ್ರರು ಗುರುತು ಹಾಕಿಕೊಳ್ಳಲಿ. ಕನ್ನಡ ಹೆಚ್ಚಾಗಿರುವ ಯಾವುದಾದರೊಂದು ದೊಡ್ಡ ಊರಿನಲ್ಲಿ ಅಂಥ ಸಂಸ್ಥೆ ಕಟ್ಟುವುದಾದರೆ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಬಾಗಿಲನ್ನೂ ತಟ್ಟಬಹುದು.

ಆದರೆ ಅದಕ್ಕೆ ಕಾಲ ಬೇಕು, ಹಣ ಬೇಕು, ಮತ್ತು ಹುರುಪು ಇಳಿದ ಮೇಲೂ ದಿನವೂ ಬಂದು ಮೈಕಿನ ಮುಂದೆ ಕೂರುವ ನಾಲ್ಕು ಜನ ಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟವೆಂದು ಶಾಲೆಯ ವಾರ್ಷಿಕೋತ್ಸವ ನಡೆಸಿದವರೆಲ್ಲ ಬಲ್ಲರು. ಅಲ್ಲಿಯವರೆಗೆ ನಾವು ಕೇಳತಕ್ಕದ್ದು ಆಕಾಶವಾಣಿಯನ್ನೇ. ಬೀದರಿನ ದಿಣ್ಣೆ ಸಮುದ್ರಮಟ್ಟಕ್ಕಿಂತ ಸುಮಾರು 2,200 ಅಡಿ ಎತ್ತರದಲ್ಲಿದೆ. ಅಲ್ಲಿಂದ ಕಲಬುರಗಿಯ ಕಾರ್ಯಕ್ರಮಗಳನ್ನು ಸಾಕಷ್ಟು ಶಕ್ತಿಯ ಎಫ್.ಎಂ. ಯಂತ್ರದ ಮೂಲಕ ಬಿಟ್ಟರೆ ಜಹೀರಾಬಾದು, ನಾರಾಯಣಖೇಡಗಳಿಗೆ ತಲುಪುವುದು ಕಷ್ಟವಲ್ಲ. ತಾಂಡೂರಿನವರಿಗೆ ಸೇಡಂ ಕಡೆಯಿಂದ ಅಂಥದೇ ವ್ಯವಸ್ಥೆ ಆಗಬೇಕು. ಅದಾಗುವವರೆಗೆ ಕಲಬುರಗಿಯ ಮಧ್ಯಮ ತರಂಗವನ್ನು ಕೈಬಿಡಬಾರದು. ಸಮಿತಿಯ ಮನವಿ ಇಷ್ಟೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಬಾನುಲಿಯ ವಿಷಯದಲ್ಲಿ ಆಗಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಪತ್ರ ಹೊರಡಿಸುತ್ತದೆ. ವ್ಯಾಪಾರಿಗಳು ಅದಕ್ಕೆ ತಪ್ಪದೆ ಉತ್ತರ ಬರೆಯುತ್ತಾರೆ. ಇನ್ನು ಮುಂದೆ ಸಮಿತಿಯೂ ಬರೆಯಲಿ ಎಂದು ಅಧ್ಯಕ್ಷರಲ್ಲಿ ನನ್ನ ವಿನಂತಿ.

ಮನವಿಗೆ ಬೆಲೆ ಬರುವುದು ಸಾಕ್ಷ್ಯದಿಂದ. 1956ರಲ್ಲಿ ಪುಣೆಯ ನಿಲಯವು ಯುನೆಸ್ಕೋ ನೆರವಿನಿಂದ ಮರಾಠಿ ಹಳ್ಳಿಗಳಲ್ಲಿ ಶ್ರೋತೃಕೂಟಗಳನ್ನು ನಡೆಸಿತು. ರೈತರು ಒಂದೆಡೆ ಕುಳಿತು ಕೇಳುವುದು, ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುವುದು ಅದರ ಕ್ರಮ. ಆ ಪ್ರಯೋಗ ಎಷ್ಟು ಯಶಸ್ವಿಯಾಯಿತೆಂದರೆ ಮುಂದೆ ದೇಶದ ಇತರ ಕಡೆಗೂ ಅದನ್ನು ವಿಸ್ತರಿಸಿದರು. ನಾವೂ ಪ್ರತಿ ಹಳ್ಳಿಯಲ್ಲಿ ಐದಾರು ಮನೆಯವರು ಅಂಥ ಕೂಟ ಮಾಡಿಕೊಂಡು ತಿಂಗಳಿಗೆ ನಾಲ್ಕು ಕಾರ್ಡು ಬರೆದರೆ ಸಾಕು. ಕಾರ್ಡಿನಲ್ಲಿ ಹೊಗಳಿಕೆ ಬೇಡ, ಗಡಿಯ ದುಃಖವೂ ಬೇಡ. ತಾರೀಖು, ವೇಳೆ, ಮುಳ್ಳು ನಿಂತ ಸಂಖ್ಯೆ, ಕೇಳಿಸಿದ ಕಾರ್ಯಕ್ರಮದ ಹೆಸರು, ಮಾತು ಸ್ಪಷ್ಟವೋ ಅಸ್ಪಷ್ಟವೋ, ಗೊರಗೊರ ಮೋಟಾರಿನದೋ ಬೇರೆ ನಿಲಯದ್ದೋ, ಬೇರೆ ನಿಲಯವಾದರೆ ಅದರ ಭಾಷೆ ಯಾವುದು, ಇಷ್ಟನ್ನು ಬರೆಯಿರಿ. ಏನೂ ಕೇಳಿಸದಿದ್ದರೆ ಕೇಳಿಸಲಿಲ್ಲವೆಂದೇ ಬರೆಯಿರಿ. ಎಂಜಿನಿಯರಿಗೆ ಅದು ಹೆಚ್ಚು ಉಪಯೋಗದ ಮಾತು. ಒಂದೇ ಊರಿನಿಂದ ಬೆಳಿಗ್ಗೆ ಒಂದು, ನಡುಹಗಲು ಒಂದು, ಸಂಜೆ ದೀಪ ಹಚ್ಚಿದ ಮೇಲೆ ಒಂದು, ಹೀಗೆ ಮೂರು ವೇಳೆಯ ಲೆಕ್ಕ ಹೋದರೆ ಹಗಲು ರಾತ್ರಿಯ ವ್ಯತ್ಯಾಸ ಅವರಿಗೆ ನಮ್ಮ ಊರಿನಿಂದಲೇ ತಿಳಿಯುತ್ತದೆ. ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಬರೆಯಿರಿ, ನೆಲ ಒಣಗಿದಾಗಿನ ಸ್ಥಿತಿ ಬೇರೆ.

ಕಾರ್ಡುಗಳನ್ನು ಕಾರ್ಯದರ್ಶಿಗಳು ಹಿಂದಿನ ಮೇಜಿನ ಮೇಲೆ ಇಟ್ಟಿದ್ದಾರೆ; ಮನೆಗೆ ನಾಲ್ಕರಂತೆ ತೆಗೆದುಕೊಂಡು ಹೋಗಿರಿ. ಬರೆಯಲು ಬಾರದ ಹಿರಿಯರು ಹೇಳಲಿ, ಮಕ್ಕಳು ಬರೆಯಲಿ. ಕನ್ನಡ ಅಕ್ಷರ ತಿಳಿಯದ ಮಕ್ಕಳಿದ್ದರೆ ಭಾನುವಾರ ಬೆಳಿಗ್ಗೆ ನನ್ನ ಬಳಿಗೆ ಕಳುಹಿಸಿರಿ, ಕಾರ್ಡಿನ ಮೇಲೆಯೇ ಕಲಿಸಿಕೊಡುತ್ತೇನೆ. ವಿಳಾಸದಲ್ಲಿ, ನಿಲಯದ ಮುಖ್ಯಸ್ಥರಿಗೆ, ಆಕಾಶವಾಣಿ, ಕಲಬುರಗಿ ಎಂದು ಬರೆದು, ಕೆಳಗೆ ನಿಮ್ಮ ಊರು, ಮಂಡಲ, ಜಿಲ್ಲೆಗಳ ಜೊತೆಗೆ ತೆಲಂಗಾಣ ರಾಜ್ಯ ಎಂಬುದನ್ನು ಮರೆಯದೆ ಸೇರಿಸಿರಿ. ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.